ಏರುವ ಗೆರೆ, ಇಳಿಯುವ ಗೆರೆ

ಆರೋಗ್ಯವಂತ ಮಿದುಳಿನ ಎಂಆರ್ ಸ್ಪೆಕ್ಟ್ರೋಸ್ಕೋಪಿ ಹಾಳೆ ಕೈಗೆ ಸಿಕ್ಕರೆ ಮೊದಲು ಅದನ್ನು ಸುಮ್ಮನೆ ನೋಡಬೇಕು. ಓದುವುದು ಆಮೇಲೆ. ಎಡಗಡೆಯಿಂದ ಗೆರೆ ಸಣ್ಣಗೆ ಅದುರುತ್ತ ಬರುತ್ತದೆ. ಅಡಿಯಲ್ಲಿ ಬರೆದ ಅಂಕಿಗಳ ಲೆಕ್ಕದಲ್ಲಿ 3.5ರ ಸುಮಾರಿಗೆ ಒಂದು ಗಿಡ್ಡ ದಿಬ್ಬ. ತುಸು ಮುಂದೆ 3.2ರಲ್ಲಿ ಒಂದು ಚೂಪು ಶಿಖರ, ಅದರ ಮಗ್ಗುಲಲ್ಲೇ 3.0ರಲ್ಲಿ ಇನ್ನೊಂದು, ಮೊದಲಿನದಕ್ಕಿಂತ ಸ್ವಲ್ಪ ಎತ್ತರ. ಆಮೇಲೆ ಸಣ್ಣಪುಟ್ಟ ಉಬ್ಬುತಗ್ಗುಗಳು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ 2.0ರಲ್ಲಿ ಗೆರೆ ಒಮ್ಮೆಗೇ ಮೇಲೆದ್ದು, ಉಳಿದೆಲ್ಲವನ್ನೂ ಮೀರಿ ನಿಂತು, ಎದ್ದಷ್ಟೇ ಚೂಪಾಗಿ ಕೆಳಗಿಳಿಯುತ್ತದೆ. ಆ ಮೂರು ತುದಿಗಳ ಮೇಲೆ ಸ್ಕೇಲಿಟ್ಟರೆ ಎಡದಿಂದ ಬಲಕ್ಕೆ ಏರುವ ಓರೆ ಸಿಗುತ್ತದೆ, ಹೆಚ್ಚುಕಡಿಮೆ 45 ಡಿಗ್ರಿ. ವೈದ್ಯರು ಇದಕ್ಕೆ ಹಂಟರ್ ಕೋನ ಎನ್ನುತ್ತಾರೆ. ಅಮೆರಿಕದ ಹಂಟರ್ ಷೆಲ್ಡನ್ ಎಂಬ ನರಶಸ್ತ್ರವೈದ್ಯರು ತಮ್ಮ ಜೇಬಿನ ಬಾಚಣಿಗೆಯನ್ನೇ ಹೀಗೆ ಓರೆಯಾಗಿಟ್ಟು ನೋಡುತ್ತಿದ್ದರಂತೆ.

ಮಿದುಳಿನಲ್ಲಿ ಗ್ಲಿಯೋಮಾ ಜಾತಿಯ ಗಡ್ಡೆ ಬೆಳೆದಿದ್ದರೆ, ಆ ಗಡ್ಡೆಯೊಳಗಿನಿಂದ ತೆಗೆದ ಗೆರೆಯಲ್ಲಿ ಈ ಓರೆ ತಿರುಗಿಬಿಡುತ್ತದೆ. ಎಡಗಡೆಯದು ಎತ್ತರ, ನಡುವಿನದು ಕುಗ್ಗಿರುತ್ತದೆ, ಬಲಗಡೆಯ ಆ ದೊಡ್ಡ ಶಿಖರ ಕುಸಿದು ಕೆಲವೊಮ್ಮೆ ಇದ್ದೂ ಇಲ್ಲದಂತಾಗಿರುತ್ತದೆ. ಏರುವ ಗೆರೆ ಇಳಿಯುವ ಗೆರೆಯಾಗುತ್ತದೆ. ತಲೆಬುರುಡೆ ತೆರೆದಿಲ್ಲ, ಸೂಜಿ ಇಳಿಸಿಲ್ಲ, ಒಂದು ಹನಿ ರಕ್ತ ತೆಗೆದಿಲ್ಲ. ಆದರೂ ಒಳಗಿನ ರಸಾಯನ ಇಷ್ಟು ಬಿಡಿಸಿ ಕಾಣುತ್ತದೆ.

ರೋಗಿಯ ಹಾಳೆಯನ್ನು ಚಂದ ಎನ್ನಬಹುದೇ ಎಂಬ ಅಳುಕು ನನಗೂ ಬಂದದ್ದುಂಟು. ಚಂದ ಎನ್ನುತ್ತೇನೆ. ನೋವನ್ನಲ್ಲ, ನೋವಿನ ಮೂಲವನ್ನು ಇಷ್ಟು ಮೆಲ್ಲಗೆ ಮುಟ್ಟಿ ನೋಡುವ ಬಗೆಯನ್ನು. ಶಿಕಾರಿಪುರದಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ಊರಿನವರಿಗೆ, ಪಕ್ಕದ ಸೊರಬದವರಿಗೆ ತಲೆಯ ಕಾಯಿಲೆಯೆಂದರೆ ಊರು ಬಿಡುವ ಕಾಯಿಲೆ. ಶಿಕಾರಿಪುರದವರು ಮೊದಲು 50 ಕಿಲೋಮೀಟರ್ ಆಸುಪಾಸಿನ ಶಿವಮೊಗ್ಗಕ್ಕೆ ಹೋಗುತ್ತಾರೆ. ಸೊರಬದವರು ಸಾಗರ, ಹೊಸನಗರ ದಾಟಿ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದುಂಟು, ಆನವಟ್ಟಿ ಕಡೆಯವರು ಹುಬ್ಬಳ್ಳಿಗೆ. ಕೊನೆಗೆ ಬಹಳ ಜನ ತಲುಪುವುದು ಬೆಂಗಳೂರಿನ ನಿಮ್ಹಾನ್ಸ್‌ಗೆ. ವಾಪಸು ಬರುವಾಗ ಕೈಯಲ್ಲಿ ದೊಡ್ಡ ಲಕೋಟೆ. ಅದರೊಳಗಿನ ಕಪ್ಪು ಫಿಲ್ಮುಗಳ ನಡುವೆ ಕೆಲವೊಮ್ಮೆ ಈ ಗೆರೆಯೂ ಇರುತ್ತದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿದವರಲ್ಲವೇ ಎಂದು ಅದನ್ನು ನನ್ನ ಮುಂದೆ ಹಿಡಿಯುತ್ತಾರೆ. ಔಷಧದ ಮಾತು ನಾನು ಆಡುವುದಿಲ್ಲ. ಗೆರೆ ಏನೆಂದು ಮಾತ್ರ ಹೇಳುತ್ತೇನೆ.

ಹೇಳುವುದು ಕಷ್ಟವೇನಲ್ಲ. ಆ ಶಿಖರಗಳ ಹೆಸರು ಹೊಸದು, ವಸ್ತುಗಳು ನಮ್ಮ ಮನೆಯವೇ. 3.2ರಲ್ಲಿ ನಿಂತದ್ದು ಕೋಲೀನ್. ಕೋಳಿಮೊಟ್ಟೆಯ ಹಳದಿಯಲ್ಲಿ ಧಾರಾಳವಾಗಿರುವ ವಸ್ತು, ಜೀವಕೋಶದ ಪೊರೆ ಕಟ್ಟಲು ಬೇಕಾದದ್ದು. 3.0ರದು ಕ್ರಿಯಾಟಿನ್. ಮೀನು, ಮಾಂಸದಲ್ಲಿದೆ, ಜಿಮ್‌ಗೆ ಹೋಗುವ ಹುಡುಗರು ಡಬ್ಬದಲ್ಲಿ ಪುಡಿಯಾಗಿ ಕೊಳ್ಳುವುದೂ ಇದನ್ನೇ. ಶಕ್ತಿಯನ್ನು ತಕ್ಷಣಕ್ಕೆಂದು ಕೂಡಿಡುವ ಕೆಲಸ ಅದರದ್ದು. 3.5ರ ಗಿಡ್ಡ ದಿಬ್ಬ ಇನೊಸಿಟಾಲ್. ಅಕ್ಕಿ ಗಿರಣಿಯಲ್ಲಿ ಮೂಟೆ ಕಟ್ಟುವ ತೌಡಿನೊಳಗೆ ಅದು ರಂಜಕದ ಜತೆ ಕೂಡಿಕೊಂಡಿರುತ್ತದೆ, ಬಿಡಿಸಿ ತೆಗೆದರೆ ನಾಲಿಗೆಗೆ ಸಿಹಿ. 2.1ರಿಂದ 2.5ರವರೆಗಿನ ಉಬ್ಬುತಗ್ಗಿನಲ್ಲಿ ಗ್ಲುಟಮೇಟ್ ಇದೆ. ಮಳೆಗಾಲದ ಮೊದಲ ಅಣಬೆಯ ಸಾರಿಗೆ ರುಚಿ ಕೊಡುವುದು ಅದೇ. ಮಿದುಳಿನಲ್ಲಿ ಅದೇ ವಸ್ತು ಒಂದು ನರಕೋಶ ಇನ್ನೊಂದನ್ನು ಎಚ್ಚರಿಸುವ ಸಂಕೇತವಾಗಿ ಓಡಾಡುತ್ತದೆ.

2.0ರ ದೊಡ್ಡ ಶಿಖರ ಮಾತ್ರ ಅಡುಗೆಮನೆಯಲ್ಲಿ ಸಿಗುವಂಥದ್ದಲ್ಲ. ಅದು ಎನ್-ಅಸಿಟೈಲ್ ಆಸ್ಪಾರ್ಟೇಟ್, ಡಾಕ್ಟರುಗಳ ಬಾಯಲ್ಲಿ ಎನ್‌ಎಎ. 1956ರಲ್ಲಿ ಹ್ಯಾರಿಸ್ ಟಾಲನ್ ಬೆಕ್ಕಿನ ಮತ್ತು ಇಲಿಯ ಮಿದುಳಿನಲ್ಲಿ ಇದನ್ನು ಗುರುತಿಸಿದರು. ನರಕೋಶಗಳು ಇದನ್ನು ತಮ್ಮ ಮೈಟೋಕಾಂಡ್ರಿಯಾದಲ್ಲಿ ತಯಾರಿಸುತ್ತವೆ. ದೇಹದ ಬೇರೆ ಅಂಗಗಳಲ್ಲಿ ಹುಡುಕಿದರೂ ಸಿಗುವುದು ಅತ್ಯಲ್ಪ. ಆದ್ದರಿಂದ ಎನ್‌ಎಎ ಎತ್ತರವಾಗಿದ್ದರೆ ಅಲ್ಲಿ ನರಕೋಶಗಳು ಆರೋಗ್ಯವಾಗಿವೆ ಎಂದು ಅರ್ಥ. ಗ್ಲಿಯೋಮಾ ಹುಟ್ಟುವುದು ನರಕೋಶದಿಂದಲ್ಲ, ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಜಾತಿಯ ಕೋಶಗಳಿಂದ. ಅವು ಬೆಳೆದು ಜಾಗ ಆಕ್ರಮಿಸಿದಂತೆ ಎನ್‌ಎಎ ಇಳಿಯುತ್ತದೆ. ಶ್ವಾಸಕೋಶದಿಂದಲೋ ಸ್ತನದಿಂದಲೋ ಮಿದುಳಿಗೆ ಹರಡಿದ ಗಡ್ಡೆಯಲ್ಲಂತೂ ಅದು ಇರಲೇಬಾರದು; ಕಂಡರೆ ಪಕ್ಕದ ಒಳ್ಳೆಯ ಮಿದುಳು ಸ್ವಲ್ಪ, ಅಳೆಯಲು ಗುರುತಿಸಿದ ಚೌಕದೊಳಗೆ ಸೇರಿಕೊಂಡಿದೆ ಎಂದೇ ತಿಳಿಯಬೇಕು.

ಕೋಲೀನ್ ಏರುವುದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪೊರೆಯಲ್ಲಿ ಗಟ್ಟಿಯಾಗಿ ಸೇರಿಹೋದ ಕೋಲೀನ್ ಈ ಗೆರೆಯಲ್ಲಿ ಕಾಣುವುದೇ ಇಲ್ಲ. ಅಲುಗಾಡಲು ಬಿಡುವಿಲ್ಲದ ಅಣುವಿನ ಸಂಕೇತ ಹರಡಿ ಅಳಿಸಿಹೋಗುತ್ತದೆ. ಕಾಣುವುದು ಪೊರೆ ಕಟ್ಟಲೆಂದು ತಂದದ್ದು ಮತ್ತು ಪೊರೆ ಮುರಿದಾಗ ಉಳಿದದ್ದು, ಇವೆರಡೇ. ಅಂದರೆ ಎತ್ತರದ ಕೋಲೀನ್ ಶಿಖರ ಹೇಳುವುದು ಇಲ್ಲಿ ಕಟ್ಟುವ, ಕೆಡಹುವ ಕೆಲಸ ಬಿಡುವಿಲ್ಲದೆ ನಡೆದಿದೆ ಎಂದು. ಗಡ್ಡೆಯ ಆತುರ ಹೀಗೆ ಗೆರೆಗೆ ಬರುತ್ತದೆ. ನನಗೆ ಇದು ಈ ವಿದ್ಯೆಯ ಅತ್ಯಂತ ಸೊಗಸಾದ ಭಾಗಗಳಲ್ಲಿ ಒಂದು.

ಇನ್ನೊಂದು ಲ್ಯಾಕ್ಟೇಟ್. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಹುಳಿಯಾಗುವುದು ಲ್ಯಾಕ್ಟಿಕ್ ಆಮ್ಲದಿಂದ. ಆರೋಗ್ಯವಂತ ಮಿದುಳಿನ ಗೆರೆಯಲ್ಲಿ ಇದರ ಸುಳಿವು ಸಾಮಾನ್ಯವಾಗಿ ಸಿಗುವುದಿಲ್ಲ. ಉಗ್ರವಾಗಿ ಬೆಳೆಯುವ ಗಡ್ಡೆ ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಪೂರ್ತಿ ಉರಿಸದೆ ಅರ್ಧದಲ್ಲೇ ಬಿಡುತ್ತದೆ. ಜರ್ಮನಿಯ ಆಟೊ ವಾರ್ಬರ್ಗ್ ಸುಮಾರು ನೂರು ವರ್ಷಗಳ ಹಿಂದೆಯೇ ಕ್ಯಾನ್ಸರ್ ಕೋಶಗಳ ಈ ಗುಣವನ್ನು ಗಮನಿಸಿದ್ದರು. ಆಗ 1.3ರಲ್ಲಿ ಲ್ಯಾಕ್ಟೇಟ್ ಕಾಣಿಸಿಕೊಳ್ಳುತ್ತದೆ, ಒಂಟಿಯಾಗಿ ಅಲ್ಲ, ಒತ್ತಿಕೊಂಡು ನಿಂತ ಎರಡು ತುದಿಗಳಾಗಿ. ಅದೇ ಜಾಗದಲ್ಲಿ ಕೊಬ್ಬಿನ ಅಗಲವಾದ ಉಬ್ಬೂ ಬರುವುದರಿಂದ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಇದಕ್ಕೆ ಕಂಡುಕೊಂಡ ಉಪಾಯ ನೋಡಿ. ಲ್ಯಾಕ್ಟೇಟಿನ ಆ ಎರಡು ತುದಿಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 7 ಕಂಪನ. ಸಂಕೇತವನ್ನು ಕೇಳುವ ಮುನ್ನ ಒಂದು ಸೆಕೆಂಡಿನ ಏಳನೇ ಒಂದು ಭಾಗ, ಅಂದರೆ ಸುಮಾರು 144 ಮಿಲಿಸೆಕೆಂಡ್ ಕಾದರೆ ಲ್ಯಾಕ್ಟೇಟ್ ತಲೆಕೆಳಗಾಗಿ ನಿಲ್ಲುತ್ತದೆ. ಅದರ ಎರಡರಷ್ಟು ಕಾದರೆ ಮತ್ತೆ ನೇರವಾಗುತ್ತದೆ. ಕೊಬ್ಬು ಹಾಗೆ ತಿರುಗುವುದಿಲ್ಲ. ಹಾಳೆಯ ಮೇಲೆ ಎಲ್ಲ ಶಿಖರಗಳೂ ಮೇಲಕ್ಕೆ ನೋಡುತ್ತಿರುವಾಗ ಇದೊಂದು ಜೋಡಿ ಅಡಿಗೆರೆಯ ಕೆಳಗೆ ಇಳಿದಿರುವುದನ್ನು ಕಂಡಾಗ, ಅದನ್ನು ಮೊದಲು ಯೋಚಿಸಿದವರ ಜಾಣ್ಮೆಗೆ ಕೈಮುಗಿಯಬೇಕೆನಿಸುತ್ತದೆ.

ಈ ಗೆರೆ ಹುಟ್ಟುವುದಾದರೂ ಹೇಗೆ? ಎಂಆರ್‌ಐ ಯಂತ್ರದ ಸುರಂಗದೊಳಗಿನ ಕಾಂತಬಲ 3 ಟೆಸ್ಲಾ ಇದ್ದರೆ ಅದು ನಾವು ನಿಂತ ನೆಲದ ಕಾಂತಬಲಕ್ಕಿಂತ 70,000 ಪಟ್ಟಿಗೂ ಹೆಚ್ಚು. ಅದರೊಳಗೆ ಜಲಜನಕದ ಬೀಜಗಳು, ಅಂದರೆ ಪ್ರೋಟಾನ್‌ಗಳು, ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ಕಂಪಿಸುತ್ತವೆ. ಎಲ್ಲ ಜಲಜನಕವೂ ಒಂದೇ ಲೆಕ್ಕದಲ್ಲಿ ಕಂಪಿಸುವುದಿಲ್ಲ. ಸುತ್ತಲಿನ ಎಲೆಕ್ಟ್ರಾನ್‌ಗಳು ಕಾಂತಬಲವನ್ನು ಒಂದಿಷ್ಟು ತಡೆಯುವುದರಿಂದ, ಕೋಲೀನಿನಲ್ಲಿ ಕೂತ ಜಲಜನಕಕ್ಕೂ ಕ್ರಿಯಾಟಿನ್‌ನಲ್ಲಿ ಕೂತ ಜಲಜನಕಕ್ಕೂ ಸಣ್ಣ ವ್ಯತ್ಯಾಸ ಬರುತ್ತದೆ. ಎಷ್ಟು ಸಣ್ಣದೆಂದರೆ 12.8 ಕೋಟಿಯಲ್ಲಿ 24ರಷ್ಟು. ಹಾಳೆಯ ಮೇಲೆ ಎರಡು ಶಿಖರಗಳ ನಡುವೆ ಕಾಣುವ ಕೂದಲೆಳೆಯ ಕಣಿವೆ ಈ 24 ಕಂಪನಗಳದ್ದು. ಅಡಿಯಲ್ಲಿ ಬರೆದ 3.2, 3.0, 2.0 ಎಂಬ ಅಂಕಿಗಳೂ ಇದೇ ವ್ಯತ್ಯಾಸವನ್ನು ಹತ್ತು ಲಕ್ಷಕ್ಕೆ ಇಷ್ಟು ಎಂದು ಹೇಳುವ ಲೆಕ್ಕ.

ಅದರ ಮೇಲೆ ನೀರಿನ ಕಾಟ. ಮಿದುಳಿನ ಬಹುಪಾಲು ನೀರು. ನೀರಿನ ಜಲಜನಕದ ಸಂಕೇತ ಈ ವಸ್ತುಗಳದ್ದಕ್ಕಿಂತ ಸಾವಿರಾರು ಪಟ್ಟು ಜೋರು. ಹಾಗಾಗಿ ಮೊದಲು ನೀರಿನ ಕಂಪನಕ್ಕಷ್ಟೇ ತಾಗುವ ರೇಡಿಯೋ ತರಂಗ ಕೊಟ್ಟು ಅದನ್ನು ಸುಮ್ಮನಾಗಿಸಬೇಕು. ಯಂತ್ರ ನಡೆಸುವವರು ಎಂಆರ್‌ಐ ಚಿತ್ರದ ಮೇಲೆ ಮೂರು ದಿಕ್ಕಿನಿಂದಲೂ ನೋಡಿ ಒಂದು ಪುಟ್ಟ ಚೌಕ ಕೂರಿಸುತ್ತಾರೆ, ಪ್ರತಿ ಬದಿಯೂ ಒಂದೂವರೆ-ಎರಡು ಸೆಂಟಿಮೀಟರ್. ತಲೆಬುರುಡೆ ತಾಗಬಾರದು, ಕೊಬ್ಬು ತಾಗಬಾರದು, ರಕ್ತ ಸೋರಿದ ಜಾಗ ಸೇರಬಾರದು, ಮಿದುಳಿನ ನೀರುಗೂಡು ಒಳಗೆ ಬರಬಾರದು. ಆಮೇಲೆ ಆ ಚೌಕದೊಳಗಿನ ಕಾಂತಬಲವನ್ನು ಸಮ ಮಾಡಬೇಕು, ಶಿಮ್ಮಿಂಗ್ ಎನ್ನುತ್ತಾರೆ. ಅದು ಕೆಟ್ಟರೆ ಕೋಲೀನ್, ಕ್ರಿಯಾಟಿನ್ ಎರಡೂ ಕಲೆತು ಒಂದೇ ಗುಡ್ಡವಾಗುತ್ತವೆ. ರೋಗಿ ಮಾಡಬೇಕಾದದ್ದು ಕೆಲವು ನಿಮಿಷ ಅಲುಗದೆ ಮಲಗುವುದು. ಆ ಹೊತ್ತಿನಲ್ಲಿ ಅದೇ ಸಂಕೇತವನ್ನು ಮತ್ತೆ ಮತ್ತೆ ಕೇಳಿ ಕೂಡಿಸುತ್ತಾರೆ. ಒಂದು ಸಲದ ಸಂಕೇತ ಗದ್ದಲದಲ್ಲಿ ಮುಳುಗಿರುತ್ತದೆ; ನೂರಾರು ಸಲ ಕೂಡಿದಾಗ ಗದ್ದಲ ಹಿಂದೆ ಸರಿದು ಶಿಖರ ಮೇಲೇಳುತ್ತದೆ.

ಈ ವಿದ್ಯೆಯ ಬೇರಿನಲ್ಲಿ ನಮ್ಮವರ ಹೆಸರುಗಳಿವೆ. ನಾನು ಅದನ್ನು ತರಗತಿಯಲ್ಲಿ ಪ್ರತಿವರ್ಷ ಒತ್ತಿ ಹೇಳುತ್ತಿದ್ದೆ, ಇಲ್ಲೂ ಹೇಳುತ್ತೇನೆ. 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಅರ್ನಾಲ್ಡ್, ಎಸ್.ಎಸ್. ಧರ್ಮಟ್ಟಿ ಮತ್ತು ಮಾರ್ಟಿನ್ ಪ್ಯಾಕರ್ಡ್ ಮೂವರು ಎಥನಾಲ್, ಅಂದರೆ ಮದ್ಯಸಾರದ ಸಂಕೇತ ಹಿಡಿದರು. ಬಂದದ್ದು ಒಂದಲ್ಲ, ಮೂರು ಶಿಖರ. ಅವುಗಳ ಗಾತ್ರ 3:2:1. ಆ ಅಣುವಿನಲ್ಲಿ ಮೂರು ಕಡೆ ಕೂತ ಜಲಜನಕಗಳ ಸಂಖ್ಯೆಯೂ ಮೂರು, ಎರಡು, ಒಂದು. ಒಂದು ಅಣುವಿನ ರಚನೆ ಗೆರೆಯಾಗಿ ಎದುರಿಗೆ ಬಂದು ನಿಂತ ಗಳಿಗೆ ಅದು. ಮಿದುಳಿನ ಹಾಳೆಯೂ ಇದೇ ಮೂರು ಶಿಖರಗಳ ವಂಶದ್ದು. ಧರ್ಮಟ್ಟಿಯವರು ಮರಳಿ ಬಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಗೆ ನೆಲೆ ಹಾಕಿಕೊಟ್ಟರು. ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಆ ಮನೆತನದ ಹೆಸರು ಅಪರಿಚಿತವಲ್ಲ.

ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ನೀರನ್ನು ಕಾಂತದ ನಡುವೆ ಹಾಯಿಸಿ ಅದರ ಸಂಕೇತ ಅಳೆದರು. ನಿಂತ ನೀರಿನ ಪ್ರೋಟಾನ್‌ಗಳು ಬೇಗ ದಣಿಯುತ್ತವೆ. ಹರಿಯುವ ನೀರಿನಲ್ಲಿ ಹೊಸ ಪ್ರೋಟಾನ್‌ಗಳು ಬರುತ್ತಲೇ ಇರುವುದರಿಂದ ಸಂಕೇತ ಬಲಗೊಳ್ಳುತ್ತದೆ. ಇಂದು ಎಂಆರ್‌ಐನಲ್ಲಿ ರಕ್ತನಾಳಗಳನ್ನು ನೋಡುವುದರ ಹಿಂದೆ ಇದೇ ತತ್ವವಿದೆ. ಇನ್ನು ಅನಿಲ್ ಕುಮಾರ್. 1975ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಚರ್ಡ್ ಅರ್ನ್‌ಸ್ಟ್ ಮತ್ತು ಡೀಟರ್ ವೆಲ್ಟಿ ಜತೆ ಸೇರಿ, ಕಾಂತದ ಸಂಕೇತಗಳಿಂದ ಚಿತ್ರ ಕಟ್ಟಲು ಫೂರಿಯೆ ಗಣಿತವನ್ನು ಬಳಸುವ ದಾರಿ ತೋರಿಸಿದವರು. ಇವತ್ತು ಆಸ್ಪತ್ರೆಗಳಲ್ಲಿ ತೆಗೆಯುವ ಎಂಆರ್‌ಐ ಚಿತ್ರಗಳ ಮೂಲ ಅಲ್ಲಿದೆ. ಮುಂದೆ ಅವರು ದಶಕಗಳ ಕಾಲ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ ಕೆಲಸ ಮಾಡಿದರು. ನಮ್ಮ ತಾಲ್ಲೂಕಿನ ರೋಗಿ ರಾತ್ರಿ ಬಸ್ಸು ಹತ್ತಿ ಹೋಗಿ ಇಳಿಯುವ ಊರಿನಲ್ಲೇ ಆ ರೋಗಿಯನ್ನು ಪರೀಕ್ಷಿಸುವ ವಿದ್ಯೆಯ ಒಂದೆರಡು ಮೂಲೆಗಲ್ಲುಗಳಿವೆ ಎನ್ನುವುದು ನನಗೆ ಹೆಮ್ಮೆಯ ವಿಷಯ. ಇದು ಎಷ್ಟು ಜನಕ್ಕೆ ಗೊತ್ತು?

ಒಮ್ಮೆ ಚಂದ್ರಗುತ್ತಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ತಾಯಿಯ ಲಕೋಟೆ ತಂದಿದ್ದ. ಆಕೆಗೆ ಫಿಟ್ಸ್ ಬಂದು, ಸ್ಕ್ಯಾನಿನಲ್ಲಿ ಮಿದುಳಿನ ಒಂದು ಮೂಲೆಯಲ್ಲಿ ಬಿಳಿಯ ಉಂಗುರ ಕಂಡಿತ್ತು. ಮನೆಯವರೆಲ್ಲ ಕ್ಯಾನ್ಸರ್ ಎಂದು ಕಂಗಾಲಾಗಿದ್ದರು. "ಮೇಷ್ಟ್ರೇ, ಡಾಕ್ಟ್ರು ಈ ಗೆರೆ ನೋಡಿ ಟಿಬಿ ಗಂಟು ಇರಬಹುದು ಅಂದ್ರು. ಹಂಗಂತ ಇದ್ರಲ್ಲಿ ಎಲ್ಲಿ ಬರೆದೈತೆ?" ಎಂದು ಕೇಳಿದ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಹಾಳೆ ಬಿಚ್ಚಿದೆ. ಮೇಲೆ ಮಿದುಳಿನ ಮೂರು ಪುಟ್ಟ ಚಿತ್ರ, ಉಂಗುರದ ಮೇಲೆ ಕೂರಿಸಿದ ಚೌಕ. ಕೆಳಗೆ ಗೆರೆ. ಕೋಲೀನ್ ಇರಬೇಕಾದ ಕಡೆ ಅಲ್ಪ ಅಲುಗಾಟ, ಎನ್‌ಎಎ ಇಲ್ಲವೆನ್ನುವಷ್ಟು. 1.3ರಲ್ಲಿ ಮಾತ್ರ ಒಂದು ದಪ್ಪ ಉಬ್ಬು, ಅದರ ಪಕ್ಕ 0.9ರಲ್ಲಿ ಅದಕ್ಕಿಂತ ಚಿಕ್ಕದು. ಎರಡೂ ಕೊಬ್ಬು. ಕ್ಷಯದ ರೋಗಾಣುವಿನ ಗೋಡೆಯಲ್ಲೇ ಕೊಬ್ಬು ಹೇರಳ. ಗಂಟಿನ ನಡುವೆ ಸತ್ತ ಅಂಗಾಂಶವೂ ಗಿಣ್ಣಿನಂತಾಗಿ ಕೊಬ್ಬಿನ ಸಂಕೇತ ಕೊಡುತ್ತದೆ. ಬೆರಳಿಟ್ಟು ತೋರಿಸಿದೆ: ಇಲ್ಲಿ ಬರೆದಿದೆ, ಇನ್ನು ಇಲ್ಲಿ ಬರೆಯದೆ ಇರುವುದರಲ್ಲೂ ಇದೆ. ಆಕೆಗೆ ಟಿಬಿ ಮಾತ್ರೆ ಶುರುವಾಯಿತು. ಮುಂದಿನ ಸ್ಕ್ಯಾನಿನಲ್ಲಿ ಉಂಗುರ ಕುಗ್ಗಿತ್ತು.

ಸಿರಿವಂತ ದೇಶಗಳ ಪಠ್ಯಪುಸ್ತಕದಲ್ಲಿ ಮಿದುಳಿನ ಉಂಗುರವೆಂದರೆ ಮೊದಲ ಅನುಮಾನ ಗಡ್ಡೆಯ ಮೇಲೆ. ನಮ್ಮ ದೇಶದಲ್ಲಿ ಅದು ಕ್ಷಯವಾಗಿರಬಹುದು, ಹಂದಿ ಲಾಡಿಹುಳುವಿನ ಮರಿಯಾಗಿರಬಹುದು, ಕೀವುಗುಳ್ಳೆಯಾಗಿರಬಹುದು. ಕೀವಿನ ಗೆರೆ ಬೇರೆಯೇ. ಬ್ಯಾಕ್ಟೀರಿಯಾ ಪ್ರೋಟೀನನ್ನು ಒಡೆದುದರಿಂದ ಬಂದ ಅಮೈನೋ ಆಮ್ಲಗಳು 0.9ರಲ್ಲಿ, ವಿನೆಗರಿನ ಅಸಿಟೇಟ್ 1.9ರಲ್ಲಿ, ಸಕ್ಸಿನೇಟ್ 2.4ರಲ್ಲಿ ಕಾಣಿಸಿಕೊಳ್ಳುತ್ತವೆ. ಈ ವ್ಯತ್ಯಾಸಗಳನ್ನು ಬಿಡಿಸಿ ಹೇಳುವ ಕೆಲಸದಲ್ಲಿ ಭಾರತದ ವೈದ್ಯರ ಪಾಲು ದೊಡ್ಡದು, ಅಂಥ ರೋಗಿಗಳನ್ನು ಹೆಚ್ಚು ನೋಡಿದವರು ಅವರೇ ಆದ್ದರಿಂದ. ಕಾಯಿಲೆಯೊಂದಕ್ಕೆ ತನ್ನ ಊರಿನ ಹೆಸರನ್ನೇ ಕೊಟ್ಟ ತಾಲ್ಲೂಕು ಸೊರಬ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಇಲ್ಲಿನ ಜನ ರಕ್ತದ ಮಾದರಿ ಕೊಟ್ಟು ಕಾದು ಕೂತವರು. ಸೂಜಿಯಿಲ್ಲದ ಪರೀಕ್ಷೆಯ ಬೆಲೆ ಅವರಿಗೆ ವಿವರಿಸಿ ಹೇಳಬೇಕಿಲ್ಲ.

ಗೆರೆಯನ್ನು ಅತಿಯಾಗಿ ನಂಬುವುದೂ ತಪ್ಪು. ನರಗಳ ಹೊದಿಕೆ ಉದುರುವ ಕಾಯಿಲೆ ಜೋರಾಗಿದ್ದಾಗಲೂ ಕೋಲೀನ್ ಏರುತ್ತದೆ. ಕೆಲವು ಟಿಬಿ ಗಂಟುಗಳಲ್ಲಿಯೂ ಏರುತ್ತದೆ. ಕ್ಯಾನವಾನ್ ಎಂಬ ಮಕ್ಕಳ ಕಾಯಿಲೆಯಲ್ಲಿ ಎನ್‌ಎಎಯನ್ನು ಒಡೆಯುವ ಕಿಣ್ವವೇ ಇಲ್ಲದೆ ಆ ಶಿಖರ ಅತಿಯಾಗಿ ಬೆಳೆದಿರುತ್ತದೆ; ಎತ್ತರವೆಂದರೆ ಆರೋಗ್ಯ ಎಂದು ಅಲ್ಲಿ ಹೇಳಲಾಗದು. ಅನುಭವಿ ರೇಡಿಯಾಲಜಿಸ್ಟ್ ಒಬ್ಬರು ಮಸುಕಾದ ಗೆರೆಯನ್ನು ನೋಡುವ ರೀತಿ ನಮ್ಮ ತಾಳಗುಂದದ ಕಂಬದ ಮುಂದೆ ಕೂತ ಶಾಸನತಜ್ಞರದ್ದೇ. ಸವೆದ ಅಕ್ಷರವನ್ನು ಅವರು ಅದರಷ್ಟಕ್ಕೇ ಓದುವುದಿಲ್ಲ. ಹಿಂದಿನ ಅಕ್ಷರವೇನು, ಮುಂದೆ ಬರಬೇಕಾದದ್ದೇನು, ಇದು ಉಳಿಯ ಗೆರೆಯೋ ಕಲ್ಲಿನ ಬಿರುಕೋ ಎಂದು ತೂಗಿ ಆಮೇಲೆ ಓದುತ್ತಾರೆ, ಓದಲಾಗದ್ದನ್ನು ಖಾಲಿ ಬಿಡುತ್ತಾರೆ. ಹಾಗೆ ಖಾಲಿ ಬಿಡಬಲ್ಲ ವೈದ್ಯರ ವರದಿಯ ಮೇಲೆ ನನಗೆ ಹೆಚ್ಚು ಗೌರವ. ಗಡ್ಡೆ ಯಾವುದೆಂಬ ಕೊನೆಯ ಮಾತು ಇಂದಿಗೂ ಬಯಾಪ್ಸಿಯದೇ. ಎಲ್ಲಿಂದ ಚೂರು ತೆಗೆದರೆ ಗಡ್ಡೆಯ ನಿಜಸ್ವರೂಪ ಸಿಕ್ಕೀತು ಎಂದು ತೋರಿಸುವುದರಲ್ಲೂ ಈ ಗೆರೆ ನೆರವಾಗುತ್ತದೆ. ರೇಡಿಯೇಷನ್ ಕೊಟ್ಟು ತಿಂಗಳುಗಳಾದ ಮೇಲೆ ಹಳೆಯ ಜಾಗದಲ್ಲಿ ಮತ್ತೆ ಬಿಳುಪು ಕಂಡರೆ, ಅದು ಮರಳಿ ಬಂದ ಗಡ್ಡೆಯೋ, ರೇಡಿಯೇಷನ್ನಿನಿಂದ ಸತ್ತ ಅಂಗಾಂಶವೋ ಎಂಬ ಸಂಕಟದಲ್ಲಿಯೂ ಕೋಲೀನ್ ಎತ್ತರವಿದೆಯೇ, ಇಲ್ಲವೇ ಎಂಬುದು ವೈದ್ಯರ ತೂಕದ ತಕ್ಕಡಿಯಲ್ಲಿ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಶಿಖರ 2.25ರದ್ದು. ಹೆಸರು ಉದ್ದ, 2-ಹೈಡ್ರಾಕ್ಸಿಗ್ಲುಟರೇಟ್. ಆರೋಗ್ಯವಂತ ಮಿದುಳಿನಲ್ಲಿ ಅದು ಇರುವುದು ಅಳತೆಗೆ ಸಿಗದಷ್ಟು. ಕೆಲವು ಗ್ಲಿಯೋಮಾಗಳಲ್ಲಿ ಐಡಿಎಚ್ ಎಂಬ ಕಿಣ್ವದ ಜೀನಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿರುತ್ತದೆ. ಇದು ಗೊತ್ತಾದದ್ದು 2008ರಲ್ಲಿ. ಬದಲಾದ ಕಿಣ್ವ ತನ್ನ ಹಳೆಯ ಕೆಲಸ ಬಿಟ್ಟು ಈ ವಸ್ತುವನ್ನು ತಯಾರಿಸಿ ರಾಶಿ ಹಾಕುತ್ತದೆ ಎಂದು 2009ರಲ್ಲಿ ತಿಳಿಯಿತು. 2012ರಲ್ಲಿ ಅಮೆರಿಕದ ಸಂಶೋಧಕರು ರೋಗಿಯ ತಲೆ ತೆರೆಯದೆ, ಎಂಆರ್ ಗೆರೆಯಲ್ಲೇ ಅದನ್ನು ಹಿಡಿದು ತೋರಿಸಿದರು. ಸುಲಭದ ಕೆಲಸವಾಗಿರಲಿಲ್ಲ. 2.25 ಎಂದರೆ ಗ್ಲುಟಮೇಟ್, ಗ್ಲುಟಮಿನ್, ಗಾಬಾ ಎಲ್ಲ ಒತ್ತೊತ್ತಾಗಿ ನಿಂತ ಜಾಗ. ಕಾಯುವ ಹೊತ್ತನ್ನು 97 ಮಿಲಿಸೆಕೆಂಡಿಗೆ ಹೊಂದಿಸಿದಾಗ ಸುತ್ತಲಿನವು ತಗ್ಗಿ ಇದೊಂದು ಎದ್ದು ಕಂಡಿತು. ಜೀನಿನ ಒಂದು ಅಕ್ಷರ ಬದಲಾದದ್ದು ಹೊರಗಿನಿಂದ ಕೇಳಿದ ಕಂಪನದಲ್ಲಿ ಗೊತ್ತಾಗುತ್ತದೆ!

ಗಡ್ಡೆಯ ಜಾತಿ ನಿರ್ಧರಿಸಲು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಐಡಿಎಚ್‌ಗೆ ಮುಖ್ಯ ಸ್ಥಾನವಿದೆ. ಆ ಬದಲಾದ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಿಧಾನ ಬೆಳೆಯುವ ಐಡಿಎಚ್ ಗ್ಲಿಯೋಮಾಗಳಿಗೆ. ಇಂಥ ಔಷಧ ಕಿಣ್ವವನ್ನು ತಡೆದರೆ 2-ಹೈಡ್ರಾಕ್ಸಿಗ್ಲುಟರೇಟ್ ಕಡಿಮೆಯಾಗಬೇಕು. ಇದೇ ಬಗೆಯ ಇನ್ನೊಂದು ಔಷಧ ಪಡೆದ ರೋಗಿಗಳಲ್ಲಿ ಅದು ಇಳಿದದ್ದನ್ನು ಸ್ಪೆಕ್ಟ್ರೋಸ್ಕೋಪಿಯಲ್ಲೇ ಕಂಡಿದ್ದಾರೆ. ಗಡ್ಡೆಯ ಗಾತ್ರ ಬದಲಾಗುವ ಮೊದಲೇ, ಮಾತ್ರೆ ತನ್ನ ಗುರಿ ಮುಟ್ಟಿತೇ ಎಂದು ಕೇಳಬಹುದಾದ ಜಾಗ ಈಗ ಆ 2.25.